ಹಗೇವಿನ ದೀಪ

ಅಂಗಳದಲ್ಲಿ ಕಲ್ಲು ಸರಿದ ಸದ್ದಿಗೆ ರೊಟ್ಟಿ ಬಡಿಯುತ್ತಿದ್ದ ಯಶೋದಾಬಾಯಿಯ ಕೈ ನಿಂತಿತು. ಬೇವಿನ ಗಿಡದ ಕೆಳಗಿನ ಹಗೇವನ್ನು ಮಧ್ಯಾಹ್ನ ತೆರೆಯುತ್ತೇನೆಂದು ಮಗ ಧನರಾಜ ಹೇಳಿದ್ದ. ಅಷ್ಟರಲ್ಲಿ ತನ್ನ ಮನಸ್ಸು ಗಟ್ಟಿಯಾದೀತು ಎಂದು ಅವಳು ಅಂದುಕೊಂಡಿದ್ದಳು.

ನೆಲದೊಳಗೆ ಕಾಳು ಕಾಯ್ದಿಡುವ ಆ ಕುಣಿ, ಗಂಡ ಮಾಣಿಕಪ್ಪ ಅದರೊಳಗೆ ತೀರಿಹೋದಾಗಿನಿಂದ ಈ ವರ್ಷದವರೆಗೆ ಖಾಲಿ ಬಿದ್ದಿತ್ತು. ಅಲ್ಲಿ ಹಾದುಹೋಗುವಾಗ ಕಾಲ ಕೆಳಗೆ ನೆಲ ಡಬ್ ಎಂದರೆ ಅವಳಿಗೆ ಒಳಗಿನಿಂದ ಅವನ ದನಿ ಕೇಳಿದಂತಾಗುತ್ತಿತ್ತು: "ಹೂಂ, ಎಳಿ!" ಬುಟ್ಟಿ ತುಂಬಿದಾಗಲೆಲ್ಲ ಅವನು ಹಾಗೆ ಕೂಗುತ್ತಿದ್ದ. ಆ ದಿನ ಕೂಗಲಿಲ್ಲ. ಸಣ್ಣವನಿದ್ದ ಮಗನಿಗೆ, ಅಪ್ಪ ಕಾಲು ಜಾರಿ ಬಿದ್ದರು ಎಂದು ಹೇಳಿದ್ದಳು. ಆಮೇಲೆ ನಿಜ ಬಾಯಿಗೆ ಬಂದಾಗಲೆಲ್ಲ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಈ ಸಲ ಹಿಂಗಾರಿ ಜೋಳ ಕೈತುಂಬ ಬಂದಿತ್ತು. ಹುಡಗಿ ಊರಿನ ಮನೆಮನೆಯಿಂದ ಹುಮನಾಬಾದಿನ ಬಜಾರಿಗೆ ಚೀಲಗಳು ಹೋಗಿ, ಕೊಳ್ಳುವವರು ಮುಖ ತಿರುಗಿಸುತ್ತಿದ್ದಾಗ ಧನರಾಜ ತಮ್ಮ ಜೋಳವನ್ನು ಹಗೇವಿಗೆ ಸುರಿದಿದ್ದ. ಅರ್ಧ ತುಂಬಿತ್ತು. ಈಗ ದಸರೆ ಹತ್ತಿರ ಬಂದರೂ ಮಳೆ ತಡವಾಗಿ ಮುಂಗಾರಿ ಜೋಳ ಇನ್ನೂ ಬಂದಿರಲಿಲ್ಲ. ಊರವರ ಕಾಳೆಲ್ಲ ಮುಗಿದಿತ್ತು. ಕಾಳು ಕೊಳ್ಳುವ ಅಡತಿ ಅಂಗಡಿಯ ಖಮರುದ್ದೀನ್ ತಾನೇ ಟೆಂಪೋ ತಂದು ರಸ್ತೆಯಲ್ಲಿ ನಿಂತಿದ್ದ.

"ಏ ಧನರಾಜ, ಮದುಮಗನ್ಹಂಗ ಎಷ್ಟೊತ್ತು ತಯಾರಾಗ್ತೀಯೋ? ನಾಳಿ ಮುಂಗಾರಿ ಜ್ವಾಳದ ಲಾರಿ ಬಂದು ನಿಂತ್ವಂದ್ರ ಈ ರೇಟ್ ಕೊಡಾಕ ಆಗಂಗಿಲ್ಲ ನೋಡು. ಜಲ್ದಿ ಮಾಡಪ್ಪಾ!"

"ಇಳಿಯಾಕತ್ತೀನ್ರಿ ಚಾಚಾ!"

ಹಿಟ್ಟಿನ ಕೈಯಲ್ಲೇ ಅವಳು ಹೊರಗೆ ಓಡಿದಳು.

ಧನರಾಜ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇನ್ನೊಂದು ತುದಿಯನ್ನು ಬೇವಿನ ಬೊಡ್ಡೆಗೆ ಕಟ್ಟಿದ್ದ. ಕಾಲೆರಡೂ ಹಗೇವಿನ ಬಾಯೊಳಗಿದ್ದವು. ತಲೆಗೆ ಸುತ್ತಿದ ಟವೆಲ್ಲು, ಬಾಗಿದ ಬೆನ್ನು, ಎಡಕ್ಕೆ ವಾಲಿದ ಕುತ್ತಿಗೆ. ಹಿಂದಿನಿಂದ ನೋಡಿದ ಯಶೋದಾಬಾಯಿಗೆ ಒಂದು ಕ್ಷಣ ಅದು ಮಗನೋ ಗಂಡನೋ ತಿಳಿಯಲಿಲ್ಲ. ಕಾಲರ್ ಹಿಡಿದು ಜಗ್ಗಿದಳು.

"ಅವ್ವಾ! ಏನ್ ಮಾಡಾಕತ್ತಿ? ನಾ ಅಪ್ಪನ್ಹಂಗ ಬೀಳಂಗಿಲ್ಲ. ಹಗ್ಗ ಕಟ್ಕೊಂಡೀನಿ ನೋಡು."

"ದೀಪ ಬಿಟ್ಟೀಯೇನು ಒಳಗ?"

"ಬಿಟ್ಟೀನಿ. ಅಪ್ಪ ಬಿಡೂದು ನಾ ಸಣ್ಣಾಂವ ಇದ್ದಾಗ ನೋಡಿಲ್ಲೇನು? ಬಗ್ಗಿ ನೋಡು, ಹ್ಯಾಂಗ ಸ್ವಚ್ಛ ಕಾಣಾಕತ್ತದ!"

ಬಗ್ಗಿದಳು. ಸುತಳಿ ದಾರಕ್ಕೆ ಕಟ್ಟಿದ ಅವನ ಮೊಬೈಲ್ ಜೋಳದ ರಾಶಿಯ ಮೇಲೆ ತೂಗುತ್ತಿತ್ತು. ಬೆಳ್ಳನೆಯ ಬೆಳಕು ಒಂದಿಷ್ಟೂ ಕುಗ್ಗಿರಲಿಲ್ಲ. ಕಾಳಿನ ಹುಳಿವಾಸನೆ ಮುಖಕ್ಕೆ ಬಡಿಯಿತು. ಮಾಣಿಕಪ್ಪನನ್ನು ಮೇಲೆ ತಂದಾಗ ಅವನ ಅಂಗಿಯಲ್ಲಿ ಇದೇ ವಾಸನೆ ಇತ್ತು.

"ನಾ ಬರೂತನಾ ಕಾಲು ಹೊರಗಿರ್ಲಿ. ನನ್ನ ಆಣಿ ಅದ," ಎಂದು ಅವಳು ಮನೆಯೊಳಗೆ ಹೋದಳು.

ದೇವರ ಮುಂದಿನ ಹಣತೆಯನ್ನು ತಂದು ಹಳೆಯ ತಕ್ಕಡಿಯ ತಟ್ಟೆಯಲ್ಲಿಟ್ಟು, ಹಗ್ಗ ಕಟ್ಟಿ ಮೆಲ್ಲಗೆ ಇಳಿಬಿಟ್ಟಳು. ಹಗೇವಿನ ಕುತ್ತಿಗೆಯ ತನಕ ದೀಪದ ಕುಡಿ ನೆಟ್ಟಗಿತ್ತು. ಮೊಬೈಲಿನ ಸಮಕ್ಕೆ ಹೋಗುವ ಮುಂಚೆಯೇ ಸಣ್ಣಗಾಯಿತು. ಯಾರೋ ಬೆರಳಿನಿಂದ ಒತ್ತಿದಂತೆ ಬತ್ತಿಯೊಳಗೆ ಸೇರಿಹೋಯಿತು.

"ಗಾಳಿಗೆ ಆರ್ಯದ," ಎಂದ ಧನರಾಜ.

"ಇನ್ನೊಮ್ಮಿ ಹಚ್ಚು. ನೀನೇ ಬಿಡು."

ಅವನು ಬಿಟ್ಟ. ಅದೇ ಆಳದಲ್ಲಿ ಮತ್ತೆ ಆರಿತು. ಬತ್ತಿಯ ಹೊಗೆ ಮೊಬೈಲಿನ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

"ದೀಪ ಬಿಡೂದು ಕಾಳು ಕಾಣ್ಲಿ ಅಂತಲ್ಲ, ಮಗಾ. ಒಳಗ ಉಸಿರಾಡೂ ಗಾಳಿ ಅದನೋ ಇಲ್ಲೋ ನೋಡಾಕ." ತಟ್ಟೆಯನ್ನು ಮೇಲೆಳೆದು ಅವನ ಮುಂದಿಟ್ಟು ಹೇಳಿದಳು: "ನಿಮ್ಮಪ್ಪ ಬಿದ್ದಿರಲಿಲ್ಲ. ದೀಪ ಆರಿತ್ತು. ಬಜಾರ ಮುಗೀತದಂತ ಅವಸರ ಮಾಡಿ ಇಳಿದ್ರು."

ಧನರಾಜ ಸೊಂಟದ ಗಂಟಿಗೆ ಕೈ ಹಾಕಿದ. ಅದು ಬಿಗಿದುಕೊಂಡಿತ್ತು. ಅವಳೇ ಬಿಚ್ಚಿದಳು. ಹಿಟ್ಟು ಹಗ್ಗಕ್ಕೆಲ್ಲ ಮೆತ್ತಿತು.

ಬಾಗಿಲ ತನಕ ಬಂದಿದ್ದ ಖಮರುದ್ದೀನ್ ತಟ್ಟೆಯಲ್ಲಿನ ಆರಿದ ಹಣತೆ ನೋಡಿ ಅಲ್ಲೇ ನಿಂತ. "ದೀಪ ಬಿಟ್ಟೀನಿ ಅಂದಿದ್ದ ಭಾಭೀ, ಅದಕ್ಕ ನಾ…" ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ನಾಳಿ ಈ ರೇಟ್ ಇರಂಗಿಲ್ರಿ."

"ಇರಲಿಲ್ಲಂದ್ರ ಬ್ಯಾಡ್ರಿ ಭಾಯ್. ನಾಳಿನೂ ಮಂದಿ ರೊಟ್ಟಿ ತಿಂತಾರ."

ಟೆಂಪೋ ಖಾಲಿಯೇ ಹೋಯಿತು. ಸಂಜೆಯವರೆಗೆ ತಾಯಿ ಮಗ ಬೇವಿನ ಟೊಂಗೆಗಳನ್ನು ಒಳಗೆ ಇಳಿಬಿಟ್ಟು ಎಳೆದಾಡಿ ಗಾಳಿ ಆಡಿಸಿದರು.

ಮರುದಿನ ದರ ಇಳಿದ ಸುದ್ದಿ ಬಂತು. ಮತ್ತೆ ಇಳಿಬಿಟ್ಟ ಹಣತೆ ಮಾತ್ರ ಆರಲಿಲ್ಲ. ಧನರಾಜ ಇಳಿದ. ಪಕ್ಕದ ಮನೆಯ ಕಾಶಿರಾಮನೊಂದಿಗೆ ಯಶೋದಾಬಾಯಿ ಹಗ್ಗ ಹಿಡಿದು ಕಾದಳು. ಕೆಳಗಿನಿಂದ ದನಿ ಬಂತು.

"ಹೂಂ, ಎಳಿ!"

ಹಾಗೆ ಕೂಗಬೇಕೆಂದು ಮಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಾಶಿರಾಮ ಅವಳ ಮುಖ ನೋಡಿದ. ಅವಳು ಎಳೆದಳು.

ಕೊನೆಯ ಬುಟ್ಟಿಯ ಹಿಂದೆ ಧನರಾಜ ಮೇಲೆ ಬಂದ. ಚಹಾ ಕುಡಿದು ದೀಪದ ಹಗ್ಗಕ್ಕೆ ಕೈ ಹಾಕಿದ.

"ಇರ್ಲಿ ಬಿಡು," ಎಂದಳು. "ಎಣ್ಣಿ ಇರೂತನಾ ಇರ್ಲಿ."

ಅವನು ಚೀಲ ಹೊಲಿಯಲು ಹೋದ ಮೇಲೆ ಅವಳು ಬಗ್ಗಿ ನೋಡಿದಳು. ಖಾಲಿ ಹಗೇವಿನ ತಳದಲ್ಲಿ ಕುಡಿ ಒಂದೇ ಸಮ ಉರಿಯುತ್ತಿತ್ತು. ಬೇವಿನ ಎಲೆಯೂ ಅಲುಗುತ್ತಿರಲಿಲ್ಲ. ಯಾರೋ ಪಕ್ಕದಲ್ಲಿ ಹಾದುಹೋದಂತೆ ಆ ಕುಡಿ ಒಮ್ಮೆ ಬಾಗಿ, ಮತ್ತೆ ನೆಟ್ಟಗಾಯಿತು.