ಗೂಡಿನ ಬಾವುಟ

ಸೈನ್ಯದ ತೋಪು ಹಾರಿದಾಗಲೆಲ್ಲ ನಮ್ಮ ತಗಡಿನ ಗೋಡೆ ಅದುರುತ್ತಿತ್ತು. ಕೂಸು ಮೊಲೆ ಬಿಟ್ಟು ಕಿರುಚುತ್ತಿತ್ತು, ಮತ್ತೆ ಬಾಯಿ ಹಾಕುತ್ತಿರಲಿಲ್ಲ. ನನ್ನ ಮಗಳು ಹಸಿ ಬಾಣಂತಿ, ಹಾಲು ಕಟ್ಟಿಕೊಂಡು ನರಳುತ್ತಿದ್ದಳು. ಕೂಸು ದಿನದಿನಕ್ಕೆ ಸೊರಗುತ್ತಿತ್ತು.

ಮೊದಲು ಹೀಗಿರಲಿಲ್ಲ. ಸೈನ್ಯದವರು ಅಭ್ಯಾಸಕ್ಕೆಂದು ಬಯಲಿನ ಆ ತುದಿಗೆ ಗುಂಡು ಹಾರಿಸುತ್ತಿದ್ದರು. ಅಲ್ಲಿ ಯಾವುದೋ ಅಪರೂಪದ ಹಕ್ಕಿ ನೆಲದ ಮೇಲೆ ಮೊಟ್ಟೆಯಿಟ್ಟಿತು. ಗೂಡಿನ ಪಕ್ಕದಲ್ಲೊಂದು ಕೆಂಪು ಬಾವುಟ ನೆಟ್ಟರು. ತೋಪುಗಳ ಮೂತಿ ನಮ್ಮ ಗುಡಿಸಲುಗಳ ಹಿಂದಿನ ದಿಬ್ಬಕ್ಕೆ ತಿರುಗಿತು. ನಮ್ಮಜ್ಜಿ ನೀರು ಸೇದಿದ ಬಾವಿ ಪುರಾತನದ್ದಂತೆ, ಅದಕ್ಕೂ ಬೇಲಿ ಬಿತ್ತು. ನಾವು ಮಾತ್ರ ಯಾವ ಲೆಕ್ಕಕ್ಕೂ ಇಲ್ಲ.

ಆ ಗೂಡು ಕಾಯುವ ಕೂಲಿ ನನ್ನದೇ. ನಾಯಿ, ದನ ಸುಳಿಯದಂತೆ ಕೋಲು ಹಿಡಿದು ಬಿಸಿಲಲ್ಲಿ ಕೂರಬೇಕು. ಹಕ್ಕಿ ರೆಕ್ಕೆ ಹರಡಿ ಮೊಟ್ಟೆಗಳ ಮೇಲೆ ಹಾಯಾಗಿ ಕೂತಿರುತ್ತಿತ್ತು. ನೋಡಿದರೆ ನನ್ನ ಹೊಟ್ಟೆ ಉರಿಯುತ್ತಿತ್ತು. ಇದರ ಬಾಣಂತನಕ್ಕೆ ಸೈನ್ಯವೇ ಕಾವಲು!

ಸೈನ್ಯದ ಸಾಹೇಬರು ಜೀಪಿನಲ್ಲಿ ಬಂದಾಗ ಕೇಳಿಯೇಬಿಟ್ಟೆ.

"ಸಾಹೇಬ್ರೇ, ನಮ್ಮನೇಲೂ ಕೂಸಿದೆ. ಸ್ವಲ್ಪ ದಿನ ನಮ್ಮ ಕಡೆ ಹಾರಿಸ್ಬೇಡಿ."

"ಹಕ್ಕಿಗೆ ಕಾನೂನಿದೆಯಮ್ಮ. ಬಾವುಟ ಇರೋ ಕಡೆ ಹಾರಿಸೋ ಹಾಗಿಲ್ಲ. ನಿಮ್ಮ ಕಡೆ ಬಾವುಟ ಎಲ್ಲಿದೆ?"

ಜೀಪಿನಲ್ಲಿದ್ದವರೆಲ್ಲ ನಕ್ಕರು.

ಅವರು ಹೋದ ಮೇಲೆ ಸಿಟ್ಟು ನೆತ್ತಿಗೇರಿತು. ಮೊಟ್ಟೆಗಳನ್ನು ಹೊಸಕಿಹಾಕಲು ಕಾಲೆತ್ತಿದೆ. ಹಕ್ಕಿ ಚಂಗನೆ ಎದ್ದು, ರೆಕ್ಕೆ ಮುರಿದಂತೆ ನಟಿಸುತ್ತ, ಕುಂಟುತ್ತ ನನ್ನೆದುರೇ ಸುಳಿಯಿತು. ನನ್ನನ್ನು ಹಿಡಿ, ಅವನ್ನು ಬಿಡು ಎನ್ನುವ ಹಾಗೆ. ಕಾಲು ಹಿಂದಕ್ಕೆ ತೆಗೆದೆ. ನಾಚಿಕೆಯಾಯಿತು. ಹೊಟ್ಟೆಕಿಚ್ಚು ಮಾತ್ರ ಆರಲಿಲ್ಲ.

ಮನೆಗೆ ಬಂದವಳೇ ನನ್ನ ಹಳೇ ಕೆಂಪು ಸೀರೆ ಹರಿದೆ. ಕೋಲಿಗೆ ಕಟ್ಟಿ ಬಾಗಿಲ ಮುಂದೆ ನೆಟ್ಟೆ.

"ಇದೇನಕ್ಕಾ, ಹುಚ್ಚು ಹಿಡೀತಾ?" ಪಕ್ಕದ ಮನೆಯವಳು ಕೇಳಿದಳು.

"ಬಾವುಟ ಇದ್ರೆ ಹಾರಿಸಲ್ವಂತೆ. ಇಲ್ಲೂ ಗೂಡಿದೆ ಕಣೆ."

ಅವಳು ಬಾವುಟದ ಅಂಚು ಮುಟ್ಟಿ ನೋಡಿದಳು. "ಮಿಕ್ಕಿದ್ರೆ ನಂಗೂ ಒಂದು ತುಂಡು ಕೊಡು. ನಮ್ಮತ್ತೆ ಹಾಸಿಗೆ ಹಿಡಿದಿದ್ದಾರೆ, ಆ ಸದ್ದಿಗೆ ನಡುಗ್ತಾರೆ."

ಸಂಜೆಯ ಹೊತ್ತಿಗೆ ಸೀರೆಯಲ್ಲಿ ಒಂದು ಚೂರೂ ಉಳಿಯಲಿಲ್ಲ.

ಬೆಳಿಗ್ಗೆ ತೋಪುಗಳು ಸುಮ್ಮನಿದ್ದವು. ಜೀಪು ಧೂಳೆಬ್ಬಿಸಿಕೊಂಡು ಬಂತು.

"ಯಾರು ನೆಟ್ಟಿದ್ದು ಇವನ್ನೆಲ್ಲ? ಕೀಳ್ರಿ!" ಸಾಹೇಬರು ಕೂಗಾಡಿದರು.

ಒಂದೊಂದು ಬಾಗಿಲಿನಿಂದಲೂ ಹೆಂಗಸರು ಹೊರಬಂದು ತಂತಮ್ಮ ಬಾವುಟದ ಬುಡದಲ್ಲಿ ಕೂತರು. ಯಾರೂ ಏಳಲಿಲ್ಲ.

"ಮೆಲ್ಲಗೆ ಮಾತಾಡಿ ಸಾಹೇಬ್ರೇ," ಎಂದೆ. "ಒಳಗೆ ಮರಿ ಹಾಲು ಕುಡೀತಿದೆ."