ಎಡಗಡೆಯ ಸ್ಟ್ಯಾಂಡು

"ಇದರ ಒಂದೇ ಒಂದು ಬೋಲ್ಟನ್ನೂ ಬದಲಾಯಿಸ್ಬೇಡಿ ಮಾಸ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದರು ಹಳೇ ಗಾಡಿಗಳ ಸಂಘದ ಕಾರ್ಯದರ್ಶಿ. ಆಗಲೇ ಅರ್ಧ ಬಿದ್ದಿದ್ದರು ಅನ್ನಿ, ಅಂಗಳದಲ್ಲಿ ಮಂಡಿಯೂರಿ ನಮ್ಮ ಬೈಕಿನ ಹೊಟ್ಟೆ ನೋಡುತ್ತಿದ್ದರು. "ಗಾಡಿಯಲ್ಲಿ ದೋಷ ಇದೆ, ತಗೊಂಬನ್ನಿ ಅಂತ ಕಂಪನಿಯೋರು ಕಾಗದ ಹಾಕಿದಾಗ ಎಲ್ಲರೂ ಓಡಿದ್ರು. ಹೋಗದೆ ಉಳಿದಿರೋದು ನಾಲ್ಕೋ ಐದೋ. ಅದಕ್ಕೇ ಇದಕ್ಕೆ ಈ ಬೆಲೆ."

"ದೋಷ ಅಂತೆ!" ನಮ್ಮ ಯಜಮಾನರು ನಕ್ಕರು. "ಮೂವತ್ತೆಂಟು ವರ್ಷ ಓಡಿಸಿದೀನಿ. ಬೈಕು ಅಂದ್ರೆ ಹೆಂಡತಿ ಇದ್ದ ಹಾಗೆ ಸ್ವಾಮಿ. ಎಲ್ಲಿ ಮುನಿಸ್ಕೊಳ್ತಾಳೆ ಅಂತ ಗೊತ್ತಿದ್ರೆ ಸಾಕು."

"ಹಾಗಾದ್ರೆ ನನ್ನನ್ನೂ ಮೆರವಣಿಗೆಗೆ ಕಳಿಸ್ತೀರೇನ್ರೀ?" ಎಂದು ಒಳಗಿನಿಂದಲೇ ಕೇಳಿದೆ.

ಕಾರ್ಯದರ್ಶಿ ನಗುತ್ತಾ ಮಂಡಿಯ ಧೂಳು ಕೊಡವಿಕೊಂಡರು. ಹಳೇ ಗಾಡಿಗಳ ಮೆರವಣಿಗೆ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ, ಓಡಿಸುವವರು ಮಾತ್ರ, ಹಿಂದೆ ಯಾರೂ ಕೂರುವಂತಿಲ್ಲ ಎಂದು ಇನ್ನೊಮ್ಮೆ ಹೇಳಿ ಹೊರಟರು.

ಯಜಮಾನರನ್ನು ಪೇಟೆಯಲ್ಲಿ ಎಲ್ಲರೂ ಕರೆಯುವುದು ತಕ್ಕಡಿ ಮಾಸ್ಟ್ರು ಎಂದೇ. ಹಿತ್ತಾಳೆ ತೂಕದ ಬಟ್ಟುಗಳ ಪೆಟ್ಟಿಗೆ ಹಿಡಿದು ಅಂಗಡಿ ಅಂಗಡಿಗೆ ಹೋಗಿ, ತಕ್ಕಡಿ ಸರಿಯಿದೆಯೇ ಎಂದು ನೋಡುವ ಸರ್ಕಾರಿ ಕೆಲಸದಲ್ಲಿದ್ದು ನಿವೃತ್ತರಾದವರು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೆ ಸ್ವಂತ ಭಾವನ ಅಂಗಡಿಯನ್ನೂ ಬಿಟ್ಟವರಲ್ಲ. ಕೆಲಸಕ್ಕೆ ಸೈಕಲ್ಲು, ಭಾನುವಾರಕ್ಕೆ ಬೈಕು. ಬೈಕು ತೆಗೆದರೆಂದರೆ ಹಿಂದೆ ನಾನು ಇದ್ದೇ ಇರುತ್ತಿದ್ದೆ. ಈಗ ಅವರ ಒಂದು ಕಣ್ಣು ಮಂಜಾಗಿ, ಓಡಿಸುವುದು ಬೇಡವೆಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ಮೆರವಣಿಗೆಯಲ್ಲಿ ಓಡಿಸುವವಳು ಮಗಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು ಅವಳು. ದಿನಾ ಮುರಿದ ಕೈಕಾಲು ನೋಡಿಯೂ ಹೆದರಿಕೆ ಎಂಬುದು ಹತ್ತಿರ ಸುಳಿದಿಲ್ಲ.

ಶನಿವಾರ ಅಂಗಳದಲ್ಲಿ ಪಾಠ ಶುರುವಾಯಿತು. ಮುಂದಿನ ಕೋಣೆಯಲ್ಲಿ ನಾನು ಯಾರದೋ ಮನೆಯ ಕಿಟಕಿ ಪರದೆಗೆ ಅಂಚು ಹೊಲಿಯುತ್ತಿದ್ದೆ.

"ಒಂದು. ರಸ್ತೆ ಒದ್ದೆ ಇದ್ರೆ ಮುಂದಿನ ಬ್ರೇಕ್ ನಂಬಬೇಡ."

"ನಂಬಲ್ಲ."

"ಎರಡು. ಎಂಜಿನ್ ಬಿಸಿ ಆಗೋವರೆಗೂ ಎಕ್ಸಲೇಟರ್ ಸಿಕ್ಕಿಹಾಕ್ಕೊಳ್ಳುತ್ತೆ. ತಿರುಗಿಸಿದ್ದನ್ನ ನೀನೇ ವಾಪಸ್ ತರಬೇಕು."

"ನೀವು ಅಮ್ಮನಿಗೆ ಏನಾದ್ರೂ ಅಂದು ಆಮೇಲೆ ವಾಪಸ್ ತಗೊಳ್ತೀರಲ್ಲ, ಹಾಗಾ ಅಪ್ಪ?"

"ತಲೆಹರಟೆ! ಅಷ್ಟೇ, ಎರಡೇ. ಇನ್ನೇನಿಲ್ಲ."

ಹೊಲಿಗೆ ಯಂತ್ರದ ಪೆಡಲಿನ ಮೇಲೆ ನನ್ನ ಕಾಲು ನಿಂತಿತು.

ಬೈಕು ಬಂದ ವರ್ಷ ಒಂದೇ ಒಂದು ಸಲ ಅವರೊಬ್ಬರೇ ಹೋಗಿ ಎಡ ತಿರುವಿನಲ್ಲಿ ಬಿದ್ದಿದ್ದರು. ಒಂದೂವರೆ ತಿಂಗಳು ಕೈಗೆ ಪ್ಲಾಸ್ಟರ್. ಕೇಳಿದವರಿಗೆಲ್ಲ ರಸ್ತೆಯಲ್ಲಿ ಮರಳಿತ್ತು ಎಂದರು. ಅದರ ಹಿಂದೆಯೇ ಕಂಪನಿಯ ಕಾಗದ ಬಂತು: ಪಕ್ಕದ ಸ್ಟ್ಯಾಂಡಿನ ಸ್ಪ್ರಿಂಗು ಸಡಿಲ, ಓಡುವಾಗಲೇ ಕೆಳಗೆ ಬೀಳಬಹುದು, ಎಡಕ್ಕೆ ವಾಲಿದರೆ ನೆಲಕ್ಕೆ ತಾಗಿ ಗಾಡಿಯನ್ನೇ ಎತ್ತಿ ಒಗೆಯಬಹುದು. ಅವರು ಓದಿ, "ನಂದು ಮರಳು," ಎಂದು ಕಾಗದವನ್ನು ಮಡಿಸಿಟ್ಟರು. ಪ್ಲಾಸ್ಟರ್ ಬಿಚ್ಚಿದ ಮೇಲಿನ ಮೊದಲ ಭಾನುವಾರ, ಎಡ ತಿರುವಿಗೆ ಮುಂಚೆ ನನ್ನ ಹಿಮ್ಮಡಿಗೆ ಸ್ಟ್ಯಾಂಡಿನ ಕಬ್ಬಿಣ ತಾಗಿತು. ಎರಡು ಕಾಲನ್ನೂ ಎಡಕ್ಕೇ ಇಳಿಬಿಟ್ಟು ಕೂರುವವಳು ನಾನು. ಹೊಲಿಗೆ ಯಂತ್ರ ತುಳಿದ ಕಾಲು, ಯೋಚಿಸಲೂ ಇಲ್ಲ, ಎತ್ತಿಬಿಟ್ಟಿತು.

ಆಮೇಲೆ ಎತ್ತುತ್ತಲೇ ಬಂದೆ. ಹೇಳಿದರೆ ಅವರ ಮುಖ ಸಣ್ಣದಾಗುತ್ತದೆ ಎಂದು ಮೊದಮೊದಲು ಸುಮ್ಮನಿದ್ದೆ. ಬರಬರುತ್ತಾ ಹೇಳುವಂಥದ್ದು ಏನಿದೆ ಎನಿಸಿತು. ಮಗಳು ಓಡಿಸುವುದೆಂದು ಗೊತ್ತಾದ ಮೇಲೆ ಈ ವಾರವೆಲ್ಲ, ಮೆರವಣಿಗೆ ನಿಧಾನವಾಗಿ ಹೋಗುತ್ತದೆ, ರಸ್ತೆ ನೇರ ಇದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಎದ್ದು ಬಾಗಿಲಿಗೆ ಬಂದೆ. "ಇನ್ನೊಂದಿದೆ. ಸ್ಟ್ಯಾಂಡು."

"ಶುರುವಾಯ್ತು ನಿಂದು! ಅದು ಕಂಪನಿಯೋರ ಭ್ರಮೆ ಕಣೇ. ಇಷ್ಟು ವರ್ಷದಲ್ಲಿ ಒಂದು ಸಲನಾದ್ರೂ ಬಿದ್ದಿದ್ಯಾ, ನೀನೇ ಹೇಳು."

"ಬಿದ್ದಿದೆ. ನಾನು ಎತ್ತಿದೀನಿ."

"ಯಾವಾಗ?"

"ಎಡಕ್ಕೆ ತಿರುಗಿದಾಗೆಲ್ಲ. ಈ ಕಾಲಲ್ಲಿ."

ಅವರು ನನ್ನ ಕಾಲನ್ನೇ ನೋಡಿದರು. ಅಂಗಡಿಯವನ ತಕ್ಕಡಿಯ ಮುಳ್ಳನ್ನು ನೋಡುವಾಗಲೂ ಹಾಗೆಯೇ, ರೆಪ್ಪೆ ಹೊಡೆಯುತ್ತಿರಲಿಲ್ಲ.

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ನೀವು ಮರಳು ಅಂದ್ರಲ್ಲ."

ಮಗಳು ಹ್ಯಾಂಡಲ್ ಬಿಟ್ಟು ಇಳಿದಳು. ಅವಳ ಮುಖ ಕೆಂಪಾಗಿತ್ತು. "ನಾನು ಒಬ್ಳೇ ಹೋಗೋದು ಅಂತ ಸೋಮವಾರದಿಂದ ನಿನಗೆ ಗೊತ್ತು. ಇವತ್ತು ಶನಿವಾರ, ಅಮ್ಮ! ನಾಳೆ ನಮ್ಮ ಎಕ್ಸ್‌ರೇ ಟೇಬಲ್ ಮೇಲೆ ನಾನೇ ಮಲಗಿರ್ತಿದ್ದೆ."

ನಾನು ಎತ್ತದೇ ಬಿಟ್ಟಿದ್ದರೆ ಇವರು ಎಂದೋ ರಿಪೇರಿ ಮಾಡಿಸುತ್ತಿದ್ದರು ಎಂಬುದು ಅಲ್ಲಿ ನಿಂತಾಗಲೇ ನನಗೆ ಹೊಳೆದದ್ದು. ಬಾಗಿಲಿನ ಚೌಕಟ್ಟು ಹಿಡಿದುಕೊಂಡೆ.

ಯಜಮಾನರು ಮೆಟ್ಟಿಲ ಮೇಲೆ ಕೂತರು. "ಹಾಗಾದ್ರೆ ಇಷ್ಟು ವರ್ಷ ಓಡಿಸಿದ್ದು ನಾನಲ್ಲ," ಎಂದರು.

"ಓಡಿಸಿದ್ದು ನೀವೇರೀ. ನಾನು ಹಿಂದೆ ಕೂತಿದ್ದೆ."

"ಕೂತಿದ್ದೆ ಅಂತೆ." ನಗಲು ಹೋದರು, ಬರಲಿಲ್ಲ. "ಊರವರ ತಕ್ಕಡಿ ಎಲ್ಲಾ ನೋಡಿದೆ ನಾನು." ಅಂಗೈಯಿಂದ ಮುಖ ಒರೆಸಿಕೊಂಡು ಎದ್ದರು. "ನಡೀರಿ. ಗ್ಯಾರೇಜಿನೋನು ಬಾಗಿಲು ಹಾಕೋಕೆ ಮುಂಚೆ ಹೋಗೋಣ. ಸ್ಟ್ಯಾಂಡು, ಬ್ರೇಕು, ಎಕ್ಸಲೇಟರ್, ಮೂರೂ ತೆಗೆಸಿ ಹೊಸದು ಹಾಕಿಸ್ತೀನಿ."

"ಕಾರ್ಯದರ್ಶಿ ನಮ್ಮ ಹೆಸರು ಹೊಡೆದು ಹಾಕ್ತಾರಪ್ಪ," ಎಂದಳು ಮಗಳು. "ಬೇರೆ ಪಾರ್ಟು ಹಾಕಿದ್ರೆ ಆಮೇಲೆ ಇದನ್ನ ಯಾರೂ ಕೇಳಲ್ಲ."

"ಹೊಡೆದು ಹಾಕ್ಲಿ. ಹಿಂದಿನಿಂದ ತಳ್ಳು ನೀನು."

ಎಂಜಿನ್ ಶುರು ಮಾಡಲಿಲ್ಲ. ಹ್ಯಾಂಡಲ್ ಹಿಡಿದು ಎಡಪಕ್ಕದಲ್ಲಿ ಅವರು, ಹಿಂದೆ ಮಗಳು, ಅವಳ ಹಿಂದೆ ನಾನು. ಬೀದಿಯ ಕೊನೆಯಲ್ಲಿ ಗ್ಯಾರೇಜಿಗೆ ಎಡಕ್ಕೆ ತಿರುಗಬೇಕು. ಚರಂಡಿಯ ಕಲ್ಲು ಹತ್ತಿ ಇಳಿದದ್ದೇ ತಡ, ಸ್ಟ್ಯಾಂಡು ಟಣ್ಣೆಂದು ರಸ್ತೆಗೆ ಬಡಿಯಿತು. ಮೂವರೂ ನಿಂತೆವು. ಅಭ್ಯಾಸಬಲದಿಂದ ನಾನು ಮುಂದೆ ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಅವರು ಚಪ್ಪಲಿ ಬಿಟ್ಟು, ಬರಿಗಾಲಿನ ಹಿಮ್ಮಡಿಯಿಂದ ಅದನ್ನು ತಡಕಿ, ಎರಡನೇ ಸಲಕ್ಕೆ ಮೇಲೆತ್ತಿದರು.