ಎಡಗಡೆಯ ತಗ್ಗು

ಕೆಂಪು, ಎಡಗಡೆಯ ಮಡ್‌ಗಾರ್ಡಿನ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ, ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರ್ ಇರಬೇಕು ಎಂದುಕೊಂಡ, ಆದರೆ ಡಬ್ಬದ ಮುಚ್ಚಳವನ್ನೇ ಯಾರೂ ತೆಗೆದಿಲ್ಲ, ಉಗುರಿನಿಂದ ಕೆರೆದರೆ ಹುಡಿಹುಡಿ — ರಕ್ತ, ಅಕ್ಕನದು, ನಿನ್ನೆ ಇದನ್ನು ಬಡಿಯುವಾಗ ತಗಡಿನ ಅಂಚು ಬೆರಳು ಕೊಯ್ದಿದೆ, ಅವಳಿಗೆ ಗೊತ್ತೇ ಆಗಿಲ್ಲ, ಆಗಿದ್ದರೆ ಸೂರು ಹಾರಿಹೋಗುವಂತೆ ಕೂಗುತ್ತಿದ್ದಳು, ಸೊಳ್ಳೆ ಕಚ್ಚಿದರೂ ಊರಿಗೆಲ್ಲ ಹೇಳುವವಳು. ಚಿಂದಿಯಿಂದ ಒರೆಸಿದ. ಒರೆಸುವಾಗ ಅಂಗೈ ಇಳಿಯಿತು, ಹೆಡ್‌ಲೈಟು ಕೂರುವ ಉಬ್ಬಿನ ಪಕ್ಕ, ಹೆಬ್ಬೆರಳಗಲ, ಕಣ್ಣಿಗೆ ಕಾಣದ ತಗ್ಗು — ಕಣ್ಣು ಸುಳ್ಳು ಹೇಳುತ್ತೆ, ಕೈ ಹೇಳಲ್ಲ ಕಣ್ರೋ ಎಂದಿದ್ದ ಅಪ್ಪ, ಮಕ್ಕಳಿಬ್ಬರ ಕಣ್ಣು ಮುಚ್ಚಿಸಿ ಅಂಗೈಗಳನ್ನು ತಗಡಿಗೆ ಒತ್ತಿ, ಗಾಡಿಯ ಎಡಗಡೆ ಮಗಳಿಗೆ, ಬಲಗಡೆ ಈ ಎಡಚನಿಗೆ, ಎಂದು ಆಸ್ತಿ ಪಾಲು ಮಾಡಿದ ಹಾಗೆ ಹಂಚಿದ್ದು, ಎಡಗೈಯವನಿಗೆ ಅವತ್ತಿನಿಂದ ಅದೇ ಹೆಸರು, ಒಂದು ಕಡೆಯ ರಟ್ಟಿನ ಅಚ್ಚನ್ನು ಇನ್ನೊಂದಕ್ಕೆ ಮಗುಚಿ ಹಾಕಿದರೆ ಅಂಚು ಮಾತ್ರ ಹೊಂದುತ್ತದೆ, ತಗಡಿನ ಉಬ್ಬುಹೊಟ್ಟೆ ಹೊಂದಬೇಕಾದರೆ ಕೈಯೇ ಬೇಕು, ಮೂವತ್ತು ವರ್ಷ ಅವಳ ಕೈ ತಪ್ಪಿರಲಿಲ್ಲ, ತಪ್ಪುತ್ತಿದ್ದುದು ಇವನದೇ, ಥೂ ಎಡಚ, ಎಮ್ಮೆ ಬೆನ್ನು ಮಾಡಿಟ್ಟಿದೀಯಲ್ಲೋ ಎಂದು ನಗುತ್ತಿದ್ದಳು.

ಹೇಳಬೇಕು. ಹೇಗೆ, ಅಕ್ಕಾ ನಿನ್ನ ಬೆರಳು ಸತ್ತಿವೆ ಅಂತಲೇ? ಸಕ್ಕರೆ ಕಾಯಿಲೆ ಬೆರಳ ತುದಿಯ ಸ್ಪರ್ಶವನ್ನೇ ತಿನ್ನುತ್ತದೆ ಎಂದು ಡಾಕ್ಟರು ಹೇಳಿದಾಗ, ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ ಎಂದು ಚೀಟಿ ಮಡಚಿ ಬ್ಯಾಗಿಗೆ ತುರುಕಿದವಳು, ಈ ಕೈ ಬಿಟ್ಟರೆ ಅವಳಿಗೆ ಬೇರೆ ಏನಿದೆ, ತಗ್ಗನ್ನು ಒಳಗಿನಿಂದ ಎತ್ತಿಬಿಡಲೇ, ಬೇಡ, ಯಾವ ಏಟು ತನ್ನದು ಯಾವುದು ಇವನದು ಎಂದು ಒಳಮೈಯ ಸುತ್ತಿಗೆ ಗುರುತು ನೋಡಿದ ಕೂಡಲೇ ಹಿಡಿದುಬಿಡುತ್ತಾಳೆ, ಹಾಗಾದರೆ ಉಳಿದದ್ದು ಒಂದೇ — ತನ್ನ ಬಲಗಡೆಯ ಮಡ್‌ಗಾರ್ಡನ್ನು ಮರಳಿನ ಚೀಲದ ಮೇಲಿಟ್ಟು ಮರದ ಸುತ್ತಿಗೆ ಎತ್ತಿದ, ಮೆತ್ತಗೆ ಒಂದು ಏಟು, ಇನ್ನೊಂದು, ಒಳ್ಳೆ ತಗಡನ್ನ ಕೈಯಾರೆ ಕೆಡಿಸ್ತೀಯಲ್ಲೋ, ತಲೆಯೊಳಗೆ ಅಪ್ಪನ ದನಿ, ಸುಮ್ಮನಿರಪ್ಪ, ಹೆಬ್ಬೆರಳಗಲ, ಅಷ್ಟೇ ಆಳ, ಜೋಡಿ ಹೊಂದಿದರೆ ಸಾಕು, ಬಣ್ಣ ಬಿದ್ದ ಮೇಲೆ ಗಿರಾಕಿ ಇದು ಹೀಗೇ ಇರಬೇಕಾದ್ದು ಎಂದುಕೊಳ್ಳುತ್ತಾನೆ, ಕದ್ದವನ ಹಾಗೆ ಬಾಗಿಲ ಕಡೆ ನೋಡಿದ.

ಏನೋ ಅದು ಬೆಳಬೆಳಗ್ಗೆ ಟಕಟಕ, ಒಳಗೆ ಬಂದ ಅಕ್ಕ, ಬ್ಯಾಗನ್ನು ಮೊಳೆಗೆ ಸಿಕ್ಕಿಸುತ್ತಾ, ಎರಡನ್ನೂ ಪಕ್ಕಪಕ್ಕ ಇಡು ನೋಡೋಣ, ಕಣ್ಣು ಮುಚ್ಚಿದಳು, ಎಡಗೈ ತನ್ನದರ ಮೇಲೆ, ಬಲಗೈ ಇವನದರ ಮೇಲೆ, ಅಂಗೈಗಳು ಜೊತೆಯಾಗಿ ಜಾರಿದವು, ಉಬ್ಬು ಹತ್ತಿದವು, ತಗ್ಗಿನ ಹತ್ತಿರ ಬಂದವು, ಗೊತ್ತಾಗದಿರಲಿ ದೇವರೇ, ಅಲ್ಲ, ಗೊತ್ತಾಗಲಿ, ಗೊತ್ತಾಗಲಿ — ದಾಟಿದವು. ಅವಳಿಜವಳಿ ಕಣೋ, ಈ ಸಲ ನೀನೂ ಪರವಾಗಿಲ್ಲ, ನಾಳೆ ಬಾಗಿಲಿನ ತಗಡು ಬರುತ್ತೆ, ಕತ್ತರಿಸೋ ಮಿಷನ್ನಿಗೆ ನಾನೇ ಕೂರ್ತೀನಿ, ನಿನ್ನ ಕೈಗೆ ಬಿಟ್ರೆ ಅಂಕುಡೊಂಕು. ಮಿಷನ್ನಿಗೆ, ತಗಡು ಯಾವುದು ಬೆರಳು ಯಾವುದು ಎಂದು ತಿಳಿಯದ ಆ ಮಿಷನ್ನಿಗೆ, ಅಕ್ಕಾ ಎಂದ, ಏನೋ ಎಂದಳು, ಕೈಗಳನ್ನು ಅಂಚಿನ ಮೇಲೆ ಎಳೆದು ತೆಗೆಯುತ್ತಾ, ನಗುತ್ತಲೇ ಇದ್ದಾಳೆ, ಏನೋ, ಬಾಯಿ ಬಿಟ್ಟು ಹೇಳು, ಅವಳು ನೋಡುತ್ತಿರುವುದು ಇವನ ಮುಖ, ಇವನು ನೋಡುತ್ತಿರುವುದು ತಗಡು, ಈ ಸಲ ಬಲಗಡೆಯದು, ಕೂದಲೆಳೆಯಷ್ಟು, ಹಸಿ, ಕೆಂಪು